ಹಾವಿನ ಮೇಷ್ಟ್ರು ಆಸ್ಪತ್ರೆ ದಾಟಿ ಹೋದದ್ದು

ನನ್ನನ್ನು ಕೆಲವರು ಹಾವಿನ ಮೇಷ್ಟ್ರು ಅಂತ ಕರೆಯುತ್ತಿದ್ದರು. ಬಹಳ ಹಿಂದಿನ ಮಾತಲ್ಲ, ಮೊನ್ನೆ ಮೊನ್ನೆಯವರೆಗೂ. ಹಾಗಂತ ನಾನು ಹಾವು ಹಿಡಿಯುವವನಲ್ಲ. ಬಚ್ಚಲಲ್ಲಿ ಹಲ್ಲಿ ಬಿದ್ದರೆ ಹೆಂಡತಿಯನ್ನು ಕೂಗುವ ಗಂಡಸು ನಾನು. ವಿದ್ಯಾನಗರದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಹಾವಿನ ವಿಚಾರದಲ್ಲಿ ನನಗೆ ಗೊತ್ತಿರುವುದೆಲ್ಲ ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದ್ದು, ಅಷ್ಟೇ.

ಆದದ್ದು ಹೀಗೆ. ಕೆ.ಬಿ. ಬಡಾವಣೆಯಲ್ಲಿ ಟೂರ್ ಆಫೀಸು ಇಟ್ಟುಕೊಂಡಿರುವ ನನ್ನ ಹಳೇ ವಿದ್ಯಾರ್ಥಿಯೊಬ್ಬ ಮಳೆಗಾಲದಲ್ಲಿ ಮನೆಗೆ ಬಂದ. ಈಗ ನಮ್ಮ ಜನ ತಿರುಪತಿಗೆ ಹೋದಷ್ಟೇ ಸಲೀಸಾಗಿ ಥಾಯ್ಲೆಂಡು, ಬಾಲಿ, ಶ್ರೀಲಂಕಾ ಅಂತ ಹೋಗಿಬರುತ್ತಾರಲ್ಲ, ಅವರನ್ನು ಕರೆದೊಯ್ಯುವವನು ಇವನು. "ಸರ್, ಹೋದ್ ಸಲ ಒಬ್ರು ಮಂಗ್ಯಾನ ಜೊತೆ ಫೋಟೊ ತೆಗಸ್ಕೊಳ್ಳಾಕೆ ಹೋಗಿ ಕಚ್ಚಿಸ್ಕೊಂಡು ಬಂದ್ರು. ಹಾವು-ಗೀವು, ಪ್ರಾಣಿ-ಗೀಣಿ ಅಂದ್ರೆ ಹೆಂಗೆ ಹುಷಾರಾಗಿರ್ಬೇಕು ಅಂತ ಕನ್ನಡದಾಗ ಒಂದು ಸಣ್ಣ ಪುಸ್ತಕ ಮಾಡಿಕೊಡ್ರಿ" ಅಂತ ಒಂದು ಇಂಗ್ಲಿಷ್ ಕೈಪಿಡಿಯನ್ನು ಕೈಗಿತ್ತು ಹೋದ. ಹಿಮ ಬೀಳುವ ದೇಶದವರು, ಬಿಸಿಲ ದೇಶಗಳಿಗೆ ಹೊರಟ ತಮ್ಮ ಜನಕ್ಕೆ ಬರೆದುಕೊಂಡ ಕೈಪಿಡಿ ಅದು. ಏಪ್ರಿಲ್‌ನಲ್ಲಿ ರಸ್ತೆಯ ಟಾರು ಕರಗಿ ಚಪ್ಪಲಿಗೆ ಮೆತ್ತಿಕೊಳ್ಳುವ ದಾವಣಗೆರೆಯವರಿಗೆ ನಾನು 'ಬಿಸಿಲ ದೇಶದಲ್ಲಿ ಎಚ್ಚರ' ಅಂತ ಬರೆಯಲು ಕೂತೆ. ಇದರಲ್ಲಿ ನಗುವಂಥದ್ದು ಏನಾದರೂ ಇದೆ ಅಂತ ನನ್ನ ತಲೆಗೆ ಹೊಳೆಯಲೇ ಇಲ್ಲ.

ಬರೆದೆ ನೋಡಿ, ಭರ್ಜರಿಯಾಗಿ. ಕಣ್ಣಿಗೆ ಕಾಣದ ಕಡೆ ಕೈ ಹಾಕಬೇಡಿ. ಬೂಟು ಮೆಟ್ಟುವ ಮುಂಚೆ ಕೊಡವಿ. ಹುಲ್ಲಿನಲ್ಲಿ ನಡೆಯುವಾಗ ಕೋಲು ಕುಟ್ಟುತ್ತಾ ನಡೆಯಿರಿ. ಹಾವು ಕಂಡರೆ ಅದರ ಪಾಡಿಗೆ ಬಿಡಿ. ಕಚ್ಚಿದರೆ ಕೊಯ್ಯಬೇಡಿ, ಚೀಪಬೇಡಿ, ಬಿಗಿದು ಕಟ್ಟಬೇಡಿ, ಸೊಪ್ಪು ಬೇರು ಅಂತ ಹೊತ್ತು ಕಳೆಯಬೇಡಿ. ಉಂಗುರ ಬಳೆ ತೆಗೆದು, ಕಚ್ಚಿದ ಕೈಯನ್ನೋ ಕಾಲನ್ನೋ ಅಲ್ಲಾಡಿಸದೆ, ಗಂಟೆ ಎಷ್ಟೆಂದು ನೋಡಿಕೊಂಡು ಸೀದಾ ಆಸ್ಪತ್ರೆಗೆ ಹೋಗಿ. ಪುಸ್ತಕ ಅಚ್ಚಾದ ಮೇಲೆ ಟೂರ್ ಹೊರಡುವವರನ್ನೆಲ್ಲ ಕೂರಿಸಿ ನನ್ನಿಂದ ಭಾಷಣ ಬೇರೆ ಮಾಡಿಸಿದ. ಪರದೆಯ ಮೇಲೆ ಹಾವಿನ ಚಿತ್ರ, ಕೆಳಗೆ ನಾನು, ಕೈಯಲ್ಲಿ ಕೆಂಪು ದೀಪದ ಕಡ್ಡಿ. ಜನ "ಸರ್, ಅಲ್ಲಿ ಅನ್ನ ಸಾರು ಸಿಗ್ತೈತೇನ್ರಿ?" ಅಂತಲೇ ಹೆಚ್ಚು ಕೇಳುತ್ತಿದ್ದರು. ಒಬ್ಬ ವಯಸ್ಸಾದ ಹೆಂಗಸು ಮಾತ್ರ ಎದ್ದು ನಿಂತು, "ನಮ್ಮ ಹಿತ್ತಲಿಗೆ ಬಂದ್ರೂ ಹಿಂಗೇ ಮಾಡ್ಬೇಕೇನ್ರಿ ಸರ್?" ಅಂದರು. ನಾನು ದೊಡ್ಡ ಮನುಷ್ಯನ ಹಾಗೆ ನಕ್ಕು, "ಅಮ್ಮಾ, ಇದು ಪ್ರವಾಸಕ್ಕೆ ಹೋಗೋರಿಗೆ" ಅಂದೆ. ಆ ಉತ್ತರ ನೆನಪಾದರೆ ಈಗಲೂ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮನೆಯಲ್ಲಿ ಹೆಂಡತಿ ಈ ವೈಭವವನ್ನೆಲ್ಲ ನೋಡುತ್ತಿದ್ದಳು. "ಹೊಲದ ಬದುವಿನ ಮ್ಯಾಲೆ ನಾಲ್ಕು ಹೆಜ್ಜೆ ನೆಟ್ಟಗೆ ಇಡಾಕೆ ಬರಲ್ಲ, ಥಾಯ್ಲೆಂಡಿನ ಕಾಡಿಗೆ ದಾರಿ ತೋರಿಸ್ತಾರೆ" ಅಂತ ಪಾತ್ರೆಗಳಿಗೆ ಹೇಳಿದಳು. ನನಗೆ ಕೇಳಿಸಲಿ ಅಂತಲೇ.

ಲೋಕಿಕೆರೆಯಲ್ಲಿ ನನ್ನ ತಮ್ಮ ಇದ್ದಾನೆ. ನಮ್ಮಿಬ್ಬರ ಪಾಲಿನ ಗದ್ದೆಯನ್ನೂ ಅವನೇ ಮಾಡುತ್ತಾನೆ. ಚಳಿಗಾಲದ ಒಂದು ಭಾನುವಾರ, ಭತ್ತದ ಕೊಯ್ಲು ಮುಗಿದಿತ್ತು, "ಅಣ್ಣಾ, ಅತ್ತಿಗೇನ ಕರ್ಕೊಂಡು ಬಾ, ಗದ್ಯಾಗೇ ಮಂಡಕ್ಕಿ ಮಿರ್ಚಿ ಮಾಡಾನ" ಅಂದ. ಹೋದೆವು. ಬಯಲಲ್ಲೇ ಮೂರು ಕಲ್ಲಿನ ಒಲೆ. ತಮ್ಮ ಮೆಣಸಿನಕಾಯಿ ಸೀಳಿ ಕೊಡುತ್ತಿದ್ದ, ಹೆಂಡತಿ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಿದ್ದಳು. ನಾನು ಏನು ಮಾಡುತ್ತಿದ್ದೆ ಅಂತ ಕೇಳಬೇಡಿ. ಹೊರಸಿನ ಮೇಲೆ ಕಾಲು ಚಾಚಿ, ಬೇರೆ ದೇಶಗಳಲ್ಲಿ ರೈತರು ಮೊಣಕಾಲುದ್ದದ ಬೂಟು ಹಾಕಿಕೊಂಡೇ ಗದ್ದೆಗೆ ಇಳಿಯುತ್ತಾರೆ ಅಂತ ತಮ್ಮನಿಗೆ ಪಾಠ ಮಾಡುತ್ತಿದ್ದೆ. ಅವನ ಕಾಲು ಬರಿಗಾಲು. ನನ್ನ ಕಾಲಿನಲ್ಲಿ ಹವಾಯಿ ಚಪ್ಪಲಿ.

ಒಲೆ ಮಂಕಾಯಿತು. "ಏ, ಅಲ್ಲಿ ಗುಡ್ಡೆಯಿಂದ ಎರಡು ಕುಳ್ಳು ತಗಂಬಾರೆ" ಅಂದೆ. ಕುಳ್ಳು ಅಂದರೆ ಒಣಗಿಸಿದ ಸಗಣಿಯ ತಟ್ಟು. ಬಣವೆಯ ಪಕ್ಕ ಗುಡ್ಡೆ ಹಾಕಿದ್ದರು. ಅವಳು ಎದ್ದು ಹೋದಳು. ಕುಕ್ಕರು ಸೀಟಿ ಹಾಕುವ ಮುಂಚೆ ಬುಸ್ಸೆಂದು ಒದರುತ್ತದಲ್ಲ, ಅಂಥ ಒಂದು ಸದ್ದು ಬಂತು. ಎಣ್ಣೆಗೆ ನೀರು ಬಿತ್ತೇನೋ ಅಂದುಕೊಂಡು ನಾನು ಬೂಟಿನ ಪಾಠ ಮುಂದುವರಿಸಿದೆ. ಅವಳು ಎಡಗೈಯ ತೋರುಬೆರಳನ್ನು ಬಲಗೈಯಲ್ಲಿ ಹಿಡಿದುಕೊಂಡು ಬಂದು ನಿಂತಳು.

"ಏನ್ರಿ, ಏನೋ ಕಚ್ತು."

ತಮ್ಮ ಓಡಿದ. ದೂರದಿಂದಲೇ ಬಗ್ಗಿ ನೋಡಿ ಕೂಗಿದ. "ಅಣ್ಣಾ, ಕೊಳಕುಮಂಡಲ! ಏಳು, ಕಾರ್ ತೆಗಿ."

ಗಡಿಯಾರ ನೋಡಿದೆ. ಹನ್ನೊಂದು. ಆವತ್ತು ನಾನು ಮಾಡಿದ ಒಂದೇ ಒಂದು ನೆಟ್ಟಗಿನ ಕೆಲಸ ಅದು. ಆಮೇಲೆ ಪುಸ್ತಕದ ಪುಟಗಳೆಲ್ಲ ತಲೆಯಿಂದ ಹಾರಿಹೋಗಿ, ಚಿಕ್ಕವನಿದ್ದಾಗ ನಮ್ಮಜ್ಜಿ ಮಾಡುತ್ತಿದ್ದುದು ಮಾತ್ರ ಉಳಿಯಿತು. ಹಾವು ಮುಟ್ಟಿದವರಿಗೆ ಮೆಣಸಿನಕಾಯಿ ಕಚ್ಚಿಸುವುದು. ಖಾರ ಹತ್ತಿದರೆ ವಿಷ ಏರಿಲ್ಲ, ಸಪ್ಪಗಿದ್ದರೆ ಏರಿದೆ ಅಂತ. ಬುಟ್ಟಿಯಿಂದ ಒಂದು ಮೆಣಸಿನಕಾಯಿ ತೆಗೆದು ಹೆಂಡತಿಯ ಬಾಯಿಗೆ ಹಿಡಿದೆ. ಕಚ್ಚಿದಳು.

"ಹೆಂಗೈತೆ?"

"ಸಪ್ಪಗೈತೆ."

ನೋಡೋಣ ಅಂತ ನಾನೂ ಅದರ ಇನ್ನೊಂದು ತುದಿ ಕಚ್ಚಿದೆ. ನನಗೂ ಸಪ್ಪಗೇ! ಒಂದು ಕ್ಷಣ ನನಗೂ ಕಚ್ಚಿಬಿಟ್ಟಿದೆ ಅನ್ನಿಸಿ ಅಲ್ಲೇ ಕುಸಿದು ಕೂತೆ. ತಮ್ಮ ನನ್ನ ರಟ್ಟೆ ಹಿಡಿದು ಎಳೆದ. "ಬಜ್ಜಿ ಮೆಣಸಿನಕಾಯಿ ಅಣ್ಣಾ ಅದು! ಯಾರಿಗೆ ಖಾರ ಹತ್ತೈತೆ? ಏಳಪ್ಪಾ ಮಾರಾಯ!"

ತಮ್ಮ ಅತ್ತಿಗೆಯ ಕೈಯನ್ನು ಮಗುವಿನ ಹಾಗೆ ಎತ್ತಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತ. "ಅತ್ತಿಗೆ, ಬಳೆ ತಗೀರಿ, ಕೈ ಊದ್ತೈತೆ." ಹಸಿರು ಗಾಜಿನ ಬಳೆಗಳು, ಬಿಗಿಯಾಗಿದ್ದವು, ಒಡೆಯದೆ ಬರುವಂತಿರಲಿಲ್ಲ. ಗಂಡ ಬದುಕಿರುವಾಗ ಬಳೆ ಒಡೆಯುವುದೇ? ಅವಳು ಕೈ ಎಳೆದುಕೊಂಡಳು. 'ಬಳೆ ತೆಗೆಯಿರಿ' ಅಂತ ಕೆ.ಬಿ. ಬಡಾವಣೆಯಲ್ಲಿ ನೂರು ಜನರ ಮುಂದೆ ಹೇಳಿದ್ದ ನಾನು ಸ್ಟೇರಿಂಗ್ ಹಿಡಿದು ಸುಮ್ಮನಿದ್ದೆ.

ಸುಮ್ಮನಿದ್ದೆ ಅಂದೆನಲ್ಲ, ಅದೂ ಸುಳ್ಳು. ಲೋಕಿಕೆರೆ ದಾಟುವಷ್ಟರಲ್ಲಿ ನಾನು ಅತ್ತೆಗೆ ಫೋನು ಮಾಡಿದೆ. ಮಗಳಿಗೆ ಹೀಗಾಗಿದೆ ಅಂತ ಬೇರೆಯವರ ಬಾಯಿಂದ ಅವರಿಗೆ ತಿಳಿದರೆ ಚೆನ್ನಾಗಿರುವುದಿಲ್ಲ ಅಂತ. ನೋಡಿ ನನ್ನ ಬುದ್ಧಿ! ಹಿಂದೆ ಹೆಂಡತಿ ವಿಷ ಏರಿಸಿಕೊಂಡು ಕೂತಿದ್ದಾಳೆ, ನನಗೆ ಮರ್ಯಾದೆಯ ಚಿಂತೆ.

ಅತ್ತೆ ಇರುವುದು ಹರಿಹರದಲ್ಲಿ. ಗಟ್ಟಿಯಾಗಿ ಮಾತಾಡಿದವರಲ್ಲ, ಅಳಿಯನ ಎದುರು ಕುರ್ಚಿಯ ಮೇಲೆ ಕೂತವರೂ ಅಲ್ಲ. ಬಾಗಿಲ ಮರೆಯಲ್ಲಿ ನಿಂತು, ಸೆರಗು ಸರಿಮಾಡಿಕೊಂಡು, ಮೆಲ್ಲಗೆ ಒಂದು ಮಾತು ಹೇಳುತ್ತಾರೆ. ಮದುವೆಯಾದ ಮೂವತ್ತು ವರ್ಷದಲ್ಲಿ ಆ ಮೆಲ್ಲಗಿನ ಮಾತನ್ನು ನಾನು ಒಮ್ಮೆಯೂ ಮೀರಿಲ್ಲ. ನಮ್ಮ ಮನೆಯ ಅಡಿಗೆಮನೆ ಯಾವ ದಿಕ್ಕಿಗೆ, ಸ್ಕೂಟರಿನ ಬಣ್ಣ ಯಾವುದು, ಎಲ್ಲ ಬಾಗಿಲ ಮರೆಯಿಂದ ಬಂದದ್ದೇ. ನಂಟರಲ್ಲಿ ಅಳಿಯ ಅಂದರೆ ಇವರು ಅಂತ ನನಗೆ ಒಳ್ಳೆ ಹೆಸರಿದೆ. ಆ ಹೆಸರು ನನಗೆ ಸಿಕ್ಕಿದ್ದು ನನ್ನ ಒಳ್ಳೆತನಕ್ಕಲ್ಲ, ಪುಕ್ಕಲುತನಕ್ಕೆ.

"ಅಳಿಯಂದ್ರೆ," ಅಂತು ಫೋನು, ನಡುಗುವ ದನಿಯಲ್ಲಿ, "ಮೊದ್ಲು ಇಲ್ಲಿಗೇ ಕರ್ಕಂಬರ್ರಿ. ಇಲ್ಲಿ ಬೇರು ಕೊಡೋರು ಅದಾರೆ, ತಾತನ ಕಾಲದಿಂದ ಕೊಡ್ತಾರೆ. ಅದು ಕುಡಿಸಿ ಆಮ್ಯಾಲೆ ದವಾಖಾನಿಗೆ ಹೋಗ್ರಿ, ಬ್ಯಾಡ ಅನ್ನಲ್ಲ. ಮೊದ್ಲು ಇಂಜೆಕ್ಷನ್ ಬಿತ್ತು ಅಂದ್ರೆ ಬೇರು ನಾಟಲ್ಲ."

"ಹೂಂ ಅತ್ತೆ" ಅಂದೆ.

ಈ ಹೂಂ ಎಂಥದು ಅಂತ ತಿಳಿಯಬೇಕಾದರೆ ನಮ್ಮೂರ ನಕ್ಷೆ ಗೊತ್ತಿರಬೇಕು. ಲೋಕಿಕೆರೆಯಿಂದ ಹರಿಹರಕ್ಕೆ ನಾವು ಹೋಗುವುದು ದಾವಣಗೆರೆ ಹಾಯ್ದು. ದಾವಣಗೆರೆ ಅಂದರೆ ಓಣಿಗೊಂದು ನರ್ಸಿಂಗ್ ಹೋಮು, ಸುತ್ತಲ ಜಿಲ್ಲೆಯವರೆಲ್ಲ ರೋಗಿಗಳನ್ನು ಹೊತ್ತು ತರುವ ಊರು. ಅಂಥ ಊರಿನ ಒಂದು ದೊಡ್ಡ ಆಸ್ಪತ್ರೆಯ ಮುಂದೆಯೇ ನಾನು ಕಾರು ಓಡಿಸಿಕೊಂಡು ಹೋದೆ. ಗೇಟು ತೆರೆದೇ ಇತ್ತು. 'ತುರ್ತು ಚಿಕಿತ್ಸೆ' ಅಂತ ನನ್ನ ಹೆಬ್ಬೆರಳಿನಿಂದ ಮೊಣಕೈವರೆಗಿನಷ್ಟು ಉದ್ದದ ಕೆಂಪು ಅಕ್ಷರ.

"ಅಣ್ಣಾ! ದವಾಖಾನಿ ಹಿಂದಕ್ಕೆ ಹೋತು!"

"ಬೇರು ಕುಡಿಸ್ಕೊಂಡು ಬರಾನ. ಅತ್ತೆ ಹೇಳ್ಯಾರೆ."

ತಮ್ಮ ನನಗೆ ಬೈದ. ಇಲ್ಲಿ ಬರೆಯುವಂಥ ಬೈಗುಳವಲ್ಲ, ಅದೂ ಅತ್ತಿಗೆಯ ಮುಂದೆ. ಕನ್ನಡಿಯಲ್ಲಿ ನೋಡಿದರೆ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಕೈ ಮಣಿಕಟ್ಟಿನವರೆಗೆ ಊದಿ ಬಳೆಗಳು ಮಾಂಸದೊಳಗೆ ಇಳಿದಿದ್ದವು. ನಾನು ಕನ್ನಡಿಯಿಂದ ಕಣ್ಣು ತೆಗೆದು ಲಾರಿಗಳಿಗೆ ಹಾರ್ನ್ ಹೊಡೆದೆ.

ಹರಿಹರದಲ್ಲಿ ಅತ್ತೆ ಫೋನಿನಲ್ಲಿ ಹೇಳಿದ ಗುರುತು ಹಿಡಿದು ಹೋದರೆ, ಬೇರು ಕೊಡುವವರದು ಒಂದು ಮೋಟರ್ ರಿಪೇರಿ ಅಂಗಡಿ. ಪಂಪ್‌ಸೆಟ್ಟಿನ ಮೋಟರಿಗೆ ತಾಮ್ರದ ತಂತಿ ಸುತ್ತುತ್ತಾ ಕೂತಿದ್ದ ನಡುವಯಸ್ಸಿನ ಮನುಷ್ಯ. ಎದ್ದು ಬಂದು ಕಾರಿನ ಕಿಟಕಿಯಲ್ಲಿ ಬಗ್ಗಿದ. ಹೆಂಡತಿ ಆಗಷ್ಟೇ ಹೊರಗೆ ಉಗುಳಿದ್ದಳು. ಉಗುಳು ಕೆಂಪಗಿತ್ತು.

"ಯಾವ ಹುಳ?"

"ಕೊಳಕುಮಂಡಲ" ಅಂದ ತಮ್ಮ.

"ಎಷ್ಟೊತ್ತಾತು?"

"ಹನ್ನೊಂದಕ್ಕೆ."

ಆತ ಒಳಗೆ ಗೋಡೆಯ ಗಡಿಯಾರ ನೋಡಿದ. ಹನ್ನೆರಡೂವರೆ ದಾಟಿತ್ತು. "ಎಲ್ಲಿಂದ ಬಂದ್ರಿ?" ಅಂದ. ಲೋಕಿಕೆರೆ ಅಂದೆ. "ಅಂದ್ರೆ ದಾವಣಗೆರೆ ಮ್ಯಾಲೇ ಬಂದ್ರಿ?" ಅಂದ. ಹೌದು ಅಂದೆ. "ಏನ್ ಕೆಲ್ಸ ಮಾಡ್ತೀರಿ ನೀವು?" ಅಂದ. ಕಾಲೇಜಿನಲ್ಲಿ ಪಾಠ ಅಂದೆ. ಅವನು ಸ್ವಲ್ಪ ಹೊತ್ತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಸರ್, ನನ್ನ ಬೇರು ಭಾಳ ಚಲೋ ಐತೆ. ಕೇರೆಹಾವು ಕಚ್ಚಿದೋರು, ನೀರಹಾವು ಕಚ್ಚಿದೋರು, ಇಲಿ ಕಚ್ಚಿದ್ದನ್ನ ಹಾವು ಅಂದ್ಕೊಂಡು ಬಂದೋರು, ಎಲ್ಲರೂ ಗುಣ ಆಗ್ಯಾರೆ. ಇದಕ್ಕೆ ಕೊಡಲ್ಲ. ಕೊಟ್ಟು ಹೆಣ ಕಳಿಸೋ ಪಾಪ ನನಗೆ ಬ್ಯಾಡ. ಇಲ್ಲೇ ಸರ್ಕಾರಿ ದವಾಖಾನಿ ಐತೆ, ನಡೀರಿ, ನಡೀರಿ!" ಅಂತ ಮೋಟರು ಬಿಟ್ಟು ಬೈಕ್ ಹತ್ತಿ, ಹಾರ್ನ್ ಒತ್ತಿಕೊಂಡೇ ನಮ್ಮ ಮುಂದೆ ದಾರಿ ಬಿಡಿಸುತ್ತಾ ಹೋದ. ಓದಿದ ನನಗೆ, ಬೇರು ಕೊಡುವವನು ಆಸ್ಪತ್ರೆಯ ದಾರಿ ತೋರಿಸಬೇಕಾಯಿತು.

ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಕೈ ನೋಡಿದರು, ಒಸಡು ನೋಡಿದರು. "ಕಚ್ಚಿದ್ದು ಎಷ್ಟು ಗಂಟೆಗೆ?" ಅಂತ ನನ್ನನ್ನು ಕೇಳಿದರು.

ನಾನು ಹೇಳಿದ್ದು ಕೇಳಿ. "ಹನ್ನೆರಡು... ಹನ್ನೆರಡೂಕಾಲು."

ನಾಚಿಕೆ ಕಣ್ರೀ. ಬೇರೇನೂ ಅಲ್ಲ. ಆ ಹುಡುಗಿಯ ಮುಂದೆ ದಡ್ಡ ಅನ್ನಿಸಿಕೊಳ್ಳಬಾರದು ಅಂತ ನನ್ನ ಹೆಂಡತಿಯ ಜೀವದ ಒಂದು ಗಂಟೆಗೂ ಹೆಚ್ಚು ಹೊತ್ತನ್ನು ಬಾಯಿಂದ ಅಳಿಸಿಬಿಟ್ಟೆ.

"ಹನ್ನೊಂದಕ್ಕೆ" ಅಂದಳು ಅವಳು, ಮಲಗಿದಲ್ಲಿಂದಲೇ. ತುಟಿಯ ತುದಿಯಲ್ಲಿ ರಕ್ತವಿತ್ತು. "ಇವ್ರು ಸುಳ್ಳು ಹೇಳ್ತಾರ್ರಿ ಡಾಕ್ಟ್ರೆ. ಹನ್ನೊಂದಕ್ಕೆ ಕಚ್ಚಿದ್ದು."

ಡಾಕ್ಟರಮ್ಮ ಬರೆದಿದ್ದನ್ನು ಹೊಡೆದು ಹಾಕಿ ಹೊಸದಾಗಿ ಬರೆದರು. ನನ್ನ ಮುಖ ನೋಡಲೂ ಇಲ್ಲ. ಆಮೇಲೆ ನನ್ನನ್ನು ಅವರು ಏನನ್ನೂ ಕೇಳಲಿಲ್ಲ, ಕೇಳಿದ್ದೆಲ್ಲ ತಮ್ಮನನ್ನು.

ನರ್ಸು ಬಳೆಗಳ ಮೇಲೆ ಬಟ್ಟೆ ಸುತ್ತಿ ಒಂದೊಂದಾಗಿ ಒಡೆದರು. ಹಾವು ಕಚ್ಚಿದಾಗ ಅಳದವಳು ಆಗ ಅತ್ತಳು. ಇನ್ನೊಬ್ಬರು ಅವಳ ರಕ್ತವನ್ನು ಸ್ವಲ್ಪ ಒಂದು ಗಾಜಿನ ನಳಿಗೆಗೆ ಬಿಟ್ಟು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದರು. "ಇಪ್ಪತ್ತು ನಿಮಿಷ ಮುಟ್ಟಬ್ಯಾಡ್ರಿ. ಹೆಪ್ಪುಗಟ್ಟಿದ್ರೆ ಸರಿ, ಇಲ್ಲಾಂದ್ರೆ ವಿಷ ರಕ್ತಕ್ಕೆ ಇಳಿದೈತೆ ಅಂತ." ನಾನು ಆ ನಳಿಗೆಯ ಮುಂದೆ ನಿಂತೆ. ಅವಳು ಸತ್ತರೆ ಕೊಂದದ್ದು ಹಾವಲ್ಲ, ನಾನು. ಹಾವು ಹೆದರಿ ಕಚ್ಚಿತು; ನಾನು ಹೆದರಿ ಆಸ್ಪತ್ರೆ ದಾಟಿಸಿದೆ. ಇಪ್ಪತ್ತು ನಿಮಿಷವಾದ ಮೇಲೆ ನರ್ಸು ನಳಿಗೆಯನ್ನು ಓರೆ ಮಾಡಿದರು. ರಕ್ತ ನೀರಿನ ಹಾಗೆ ಸಲೀಸಾಗಿ ಈ ಕಡೆಯಿಂದ ಆ ಕಡೆಗೆ ಹರಿಯಿತು.

ವಿಷ ಇಳಿಸುವ ಔಷಧ ನರದೊಳಕ್ಕೆ ಹನಿಯಲು ಶುರುವಾಯಿತು. ಅದು ಇಳಿಯುತ್ತಿರುವಾಗಲೇ ಅಂಬುಲೆನ್ಸಿನಲ್ಲಿ ದಾವಣಗೆರೆಗೆ ಕಳಿಸಿದರು. ಕಿಡ್ನಿಗೆ ಪೆಟ್ಟು ಬೀಳಬಹುದು, ಅಲ್ಲಿ ಎಲ್ಲ ವ್ಯವಸ್ಥೆ ಇದೆ ಅಂತ. ಬಂದು ನಿಂತದ್ದು ಅದೇ ಗೇಟಿನ ಮುಂದೆ. ನಾನು ಕಾರಿನಲ್ಲಿ ಹಿಂದೆ ಬಂದು, ಗೇಟಿನ ಪಕ್ಕ ನಿಲ್ಲಿಸಿ, ಸ್ಟೇರಿಂಗಿಗೆ ತಲೆ ಕೊಟ್ಟು ಅತ್ತುಬಿಟ್ಟೆ. ವಾಚ್‌ಮನ್ ಬಂದು "ಇಲ್ಲಿ ಗಾಡಿ ನಿಲ್ಲಿಸ್ಬ್ಯಾಡ್ರಿ" ಅಂದ.

ಸಂಜೆ ಇನ್ನೊಂದು ನಳಿಗೆ ತೆಗೆದರು. ಹೆಪ್ಪುಗಟ್ಟಿದ್ದು ಅರ್ಧಂಬರ್ಧ. ಮತ್ತೆ ಔಷಧ ಹಾಕಿದರು. ಈ ನಡುವೆ ಹರಿಹರದಿಂದ ಫೋನು. "ಬೇರು ಕುಡಿಸಿದ್ರೇನ್ರಿ ಅಳಿಯಂದ್ರೆ?" ನಾನು ಎಂದಿನಂತೆ "ಹೂಂ ಅತ್ತೆ" ಅಂದೆ. ಪಕ್ಕದಲ್ಲಿದ್ದ ತಮ್ಮ ನನ್ನನ್ನು ನೋಡಿ ತಲೆ ಕೊಡವಿದ. ಇಲ್ಲ ಅಂದಿದ್ದರೆ ಯಾಕೆ ಅಂತ ಕೇಳುತ್ತಿದ್ದರು, ಅದಕ್ಕೆ ಉತ್ತರ ಹೇಳುವ ಧೈರ್ಯ ಅವತ್ತೂ ನನಗೆ ಇರಲಿಲ್ಲ.

ಮಾರನೇ ದಿನದ ನಳಿಗೆ ಹೆಪ್ಪುಗಟ್ಟಿತು. ಆದರೆ ಮೂತ್ರ ಕಂದು ಬಣ್ಣಕ್ಕೆ ತಿರುಗಿ, ಅದೂ ಕಡಿಮೆಯಾಗಿ, ಎರಡು ದಿನ ಡಾಕ್ಟರು ಬಂದಾಗೆಲ್ಲ ಮೊದಲು ನೋಡುತ್ತಿದ್ದುದು ಮಂಚಕ್ಕೆ ಕಟ್ಟಿದ ಚೀಲವನ್ನು. ನಾನೂ ಅದನ್ನೇ ನೋಡುತ್ತಾ ಕೂತಿರುತ್ತಿದ್ದೆ. ನಾಲ್ಕನೇ ದಿನ ಬೆಳಿಗ್ಗೆ ಬಣ್ಣ ತಿಳಿಯಾಯಿತು, ಚೀಲ ತುಂಬಿತು. "ಇನ್ನು ಭಯ ಇಲ್ಲ, ಬೆರಳಿಗೆ ಮಾತ್ರ ದಿನ ಹಿಡಿತೈತೆ" ಅಂದರು ಡಾಕ್ಟರು. ನಾನು ಹೊರಗೆ ಹೋಗಿ, ಗೊತ್ತಿಲ್ಲದ ಒಬ್ಬರ ಕೈ ಹಿಡಿದುಕೊಂಡು "ಉಚ್ಚೆ ಬಂತ್ರಿ" ಅಂದೆ. ಅವರೂ ಅಲ್ಲಿ ತಮ್ಮ ರೋಗಿಯನ್ನು ಕಾಯುತ್ತಿದ್ದವರೇ, ಅರ್ಥ ಮಾಡಿಕೊಂಡರು.

ಆವತ್ತು ಮಧ್ಯಾಹ್ನ ಅತ್ತೆ ಬಂದರು. ಮಂಡಿ ನೋವು, ಮೆಟ್ಟಿಲು ಹತ್ತಲು ಹತ್ತು ನಿಮಿಷ. ಮಗಳ ಕೆನ್ನೆ ಸವರಿದರು, ಕಪ್ಪಗಾದ ತೋರುಬೆರಳು ನೋಡಿ ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ, ಜೀವ ಉಳಿದಿದೆ ಅಂತ ಖಾತ್ರಿಯಾದ ಮೇಲೆ, ಪಕ್ಕದ ಮಂಚದ ರೋಗಿಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿನ ಜೊತೆ ಮಾತಿಗೆ ಕೂತರು. ಆಕೆ ಯಾವುದೋ ಹಳ್ಳಿಯವಳು, ಗದ್ದೆ ಕೆಲಸದವಳು.

"ಬೇರು ಮೊದ್ಲು ಬಿತ್ತು ನೋಡವ್ವ, ಅದಕ್ಕೇ ಉಳಿದ್ಲು. ನಮ್ಮ ಅಳಿಯಂದ್ರು ಓದಿದೋರು, ಆದ್ರೂ ನನ್ನ ಮಾತು ತೆಗೆದು ಹಾಕಲಿಲ್ಲ, ದಾವಣಗೆರೆ ದಾಟಿ ಹರಿಹರಕ್ಕೇ ಕರ್ಕೊಂಡು ಬಂದ್ರು. ನಿಮ್ಮ ಊರಾಗೂ ಹೇಳು. ಏನೇ ಆಗ್ಲಿ, ಮೊದ್ಲು ಬೇರು."

ಆ ಹೆಂಗಸು ಭಕ್ತಿಯಿಂದ ತಲೆಯಾಡಿಸಿ, "ಹರಿಹರದಾಗ ಎಲ್ಲಿ ಬರ್ತೈತೆ ಅಮ್ಮಾ?" ಅಂತ ಕೇಳಿದಳು.

ಹೆಂಡತಿ ನನ್ನ ಕಡೆ ತಿರುಗಿದಳು. "ಹೇಳ್ರಿ" ಅಂದಳು. ಅಷ್ಟೇ.

ಟೂರ್ ಆಫೀಸಿನಲ್ಲಿ ಮೈಕಿಲ್ಲದೆ ನೂರು ಜನಕ್ಕೆ ಕೇಳುವಂತೆ ಮಾತಾಡುವ ನಾನು ಮಂಚದ ಕಂಬಿ ಹಿಡಿದು ಎದ್ದು ನಿಂತೆ. "ಬೇರು ಕುಡಿಸ್ಲಿಲ್ಲ ಅತ್ತೆ" ಅಂದೆ. "ಅವ್ರು ಕೊಡಲಿಲ್ಲ. ಬೈದು ಆಸ್ಪತ್ರೆಗೆ ಕಳಿಸಿದ್ರು. ಉಳಿಸಿದ್ದು ಇಂಜೆಕ್ಷನ್ನು. ಮೊದ್ಲೇ ಇಲ್ಲಿಗೆ ಬಂದಿದ್ರೆ ಆ ಬೆರಳೂ ಹಿಂಗಾಗ್ತಿರ್ಲಿಲ್ಲ ಏನೋ. ನಿಮ್ಮ ಮಾತು ಕೇಳಿ ನಾನು ಇವಳನ್ನ ಸಾಯಿಸ್ತಿದ್ದೆ. ನಿಮಗೆ ಫೋನಿನಾಗ ಹೇಳಿದ್ದೂ ಸುಳ್ಳು."

ಪಕ್ಕದ ಹೆಂಗಸು ಮೆಲ್ಲಗೆ ಆ ಕಡೆ ತಿರುಗಿ ಕೂತಳು. ಅತ್ತೆ ಮಂಚದ ಅಂಚಿಗೆ ಸರಿದರು. ಮಗಳ ಬರಿಗೈಯನ್ನು, ಬಳೆಯ ಗಾಯಗಳನ್ನು, ಆ ಬೆರಳನ್ನು ನೋಡುತ್ತಾ ಕೂತಿದ್ದರು. ಆಮೇಲೆ ತಲೆಯೆತ್ತಿದರು. ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದರು.

"ನಾನು ಅಕ್ಷರ ಕಲೀದಾಕಿ. ಮಗಳು ಅಂತ ಹೆದ್ರಿ, ಬಾಯಿಗೆ ಬಂದಿದ್ದು ಅಂದೆ. ನೀವು ತಿಳಿದೋರು. 'ಸುಮ್ನಿರ್ರಿ ಅತ್ತೆ' ಅಂತ ಬೈದು ಫೋನ್ ಇಡಬೇಕಿತ್ತು. ಅದೊಂದ್ಸಲನಾದ್ರೂ ನನ್ನ ಮಾತು ಮುರೀಬಾರ್ದಿತ್ತೇನ್ರಿ?"